ಆರ್ಡ್‌ಬೆಗ್ ಐದು ಬಾಟಲಿ, ಆರು ಜನ, ಒಂದು ಸಂಜೆ: ಯಾವುದಾದ ಮೇಲೆ ಯಾವುದು?

ಶಿರಾಗೇಟ್_ತುಮಕೂರು:

ಎಲ್ಲರಿಗೂ ನಮಸ್ಕಾರ. ಮಾರ್ಚ್ ಕೊನೆಯ ಶನಿವಾರ ತುಮಕೂರಿನಲ್ಲಿ ಆರು ಜನ ಸೇರಿ ಒಂದೇ ಡಿಸ್ಟಿಲರಿಯ ಸಿಂಗಲ್ ಮಾಲ್ಟ್‌ಗಳನ್ನು (ಒಂದೇ ಕಡೆ ಮೊಳಕೆ ಬಾರ್ಲಿಯಿಂದ ಇಳಿಸಿದ ವಿಸ್ಕಿ) ಪಕ್ಕಪಕ್ಕ ಇಟ್ಟು ರುಚಿ ನೋಡೋಣ ಅಂತಿದ್ದೀವಿ. ಗೊತ್ತುಮಾಡಿರೋದು ಸ್ಕಾಟ್ಲೆಂಡಿನ ಐಲಾ ದ್ವೀಪದ ಆರ್ಡ್‌ಬೆಗ್. ಟೆನ್ ಮತ್ತು ಊಗಡಾಲ್ ಮನೆಯಲ್ಲಿವೆ. ಆನ್ ಓ, ವೀ ಬೀಸ್ಟೀ, ಕೋರಿವ್ರೆಕನ್ ಮೂರನ್ನೂ ನಮ್ಮ ಭಾವ ಬರುವಾಗ ಡ್ಯೂಟಿ ಫ್ರೀಯಿಂದ ತರ್ತಾರೆ.

ಎಲ್ಲರೂ ವಿಸ್ಕಿ ಕುಡಿದು ಗೊತ್ತಿರೋರೇ. ಆದರೆ ಪೀಟ್ (ಜೌಗು ನೆಲದಿಂದ ಅಗೆದು ಒಣಗಿಸಿ ಉರಿಸುವ ಮಣ್ಣು) ಹೊಗೆಯ ವಿಸ್ಕಿ ಮೂರು ಜನಕ್ಕೆ ಹೊಸದು. ಗೊಂದಲ ಇರೋದು ಇಲ್ಲಿ:

ಕ್ರಮ ಹೇಗೆ? ಎಳೆಯದರಿಂದ ಹಳೆಯದಕ್ಕೆ ಹೋಗೋಣ ಅಂದ್ರೆ ಮೂರು ಬಾಟಲಿ ಮೇಲೆ ವಯಸ್ಸೇ ಬರೆದಿಲ್ಲ. ಬೆಲೆ ಪ್ರಕಾರ ಹೋಗಬೇಕಾ?

ಒಬ್ಬೊಬ್ಬರಿಗೆ ಎಷ್ಟು ಹಾಕಬೇಕು? ಐದು ಸಣ್ಣ ಪೆಗ್ ಆದರೆ ಮೂರನೆಯದಕ್ಕೇ ನಾಲಿಗೆ ಕೈಕೊಡುತ್ತೆ.

ನೀರು ಬೆರೆಸಬೇಕಾ, ಬೇಡವಾ? ಯಾವ ನೀರು?

ನೆಂಚಿಕೊಳ್ಳೋಕೆ ಏನಿಡಬೇಕು? ಇಬ್ಬರು ಸಸ್ಯಾಹಾರಿಗಳು.

ಊಗಡಾಲ್ ಬಾಟಲಿ ತೆಗೆದು ಒಂದು ವರ್ಷದ ಮೇಲಾಗಿದೆ, ಮೂರನೇ ಒಂದು ಭಾಗ ಉಳಿದಿದೆ. ಅದನ್ನ ಇಡಬಹುದಾ, ಹೊಸದು ತರಿಸಬೇಕಾ?

ಕಲ್ಪತರು_ಗುಬ್ಬಿ:

ಬೆಲೆ ಪ್ರಕಾರ ಖಂಡಿತ ಬೇಡ ಸರ್. ವಯಸ್ಸನ್ನೂ ಬಿಟ್ಟುಬಿಡಿ. ವಯಸ್ಸು ಇರೋದು ಟೆನ್ ಮೇಲೆ 10, ವೀ ಬೀಸ್ಟೀ ಮೇಲೆ 5, ಅಷ್ಟೇ. ಆ ಸಂಖ್ಯೆ ಕೂಡ ಬಾಟಲಿಗೆ ಸೇರಿದ ವಿಸ್ಕಿಗಳಲ್ಲಿ ಎಲ್ಲಕ್ಕಿಂತ ಎಳೆಯದರದ್ದು. ಸಾಲು ಕಟ್ಟೋಕೆ ಆಲ್ಕೋಹಾಲ್ ಶೇಕಡಾವಾರು ನೋಡಿ, ಅದು ಪ್ರತಿ ಲೇಬಲ್ ಮೇಲೂ ಇರುತ್ತೆ:

ಟೆನ್ 46, ಆನ್ ಓ 46.6, ವೀ ಬೀಸ್ಟೀ 47.4, ಊಗಡಾಲ್ 54.2, ಕೋರಿವ್ರೆಕನ್ 57.1.

57ರದ್ದನ್ನು ಮೊದಲು ಕುಡಿದರೆ ನಾಲಿಗೆ ಜೋಮು ಹಿಡಿಯುತ್ತೆ, ಆಮೇಲೆ 46ರದ್ದು ನೀರಿನಂತೆ ಕಾಣುತ್ತೆ. ತಪ್ಪು ವಿಸ್ಕಿಯದ್ದಲ್ಲ, ಸಾಲಿನದ್ದು. ಆನ್ ಓ ಮತ್ತು ವೀ ಬೀಸ್ಟೀ ನಡುವೆ ಶೇಕಡಾವಾರಿನಲ್ಲಿ ಏನೂ ವ್ಯತ್ಯಾಸವಿಲ್ಲ, ಆದರೂ ಆ ಎರಡನ್ನು ಹಿಂದುಮುಂದು ಮಾಡಬೇಡಿ. ಆನ್ ಓ ದುಂಡಗಿನ, ಮೆತ್ತನೆಯ ವಿಸ್ಕಿ. ವೀ ಬೀಸ್ಟೀ ಎಳೆಯದು, ಹೊಗೆ ಒರಟು. ಒರಟಿನ ಬೆನ್ನಿಗೆ ಮೆತ್ತನೆಯದು ಬಂದರೆ ಸಪ್ಪೆ ಅನ್ನಿಸುತ್ತೆ, ಪಾಪ. ಹಾಗೇ ಕೋರಿವ್ರೆಕನ್‌ನ ಕಾರ ಬಾಯಲ್ಲಿ ನಿಂತರೆ ಊಗಡಾಲ್‌ನ ಒಣದ್ರಾಕ್ಷಿ ಸಿಗಲ್ಲ. ಅದಕ್ಕೇ ಕೋರಿವ್ರೆಕನ್ ಕೊನೆಗೆ.

ಇದಕ್ಕಿಂತ ಮುಖ್ಯ ಇನ್ನೊಂದಿದೆ. ತಲೆಗೆ ಎರಡು ಗ್ಲಾಸ್ ಇಡಿ. ಒಂದರಲ್ಲಿ ಟೆನ್ ಸಂಜೆಯುದ್ದಕ್ಕೂ ಇರಲಿ, ಖಾಲಿ ಮಾಡಬಾರದು ಅಂತ ಮೊದಲೇ ಹೇಳಿಬಿಡಿ. ಇನ್ನೊಂದರಲ್ಲಿ ಉಳಿದ ನಾಲ್ಕು ಒಂದಾದ ಮೇಲೊಂದು ಬರಲಿ. ಪ್ರತಿ ಸಲ ಟೆನ್ ಮೂಸಿ, ಹೊಸದನ್ನು ಮೂಸಿ, ಮತ್ತೆ ಟೆನ್‌ಗೆ ಬನ್ನಿ. ಕೇಳಿಕೊಳ್ಳಬೇಕಾದ್ದು ಒಂದೇ: ಟೆನ್‌ನಲ್ಲಿ ಇಲ್ಲದ್ದು ಇದರಲ್ಲಿ ಏನಿದೆ? ಹೋಲಿಕೆಗೆ ಟೆನ್ನೇ ಯಾಕೆ ಅಂದರೆ ಅದು ಮುಖ್ಯವಾಗಿ ಬರ್ಬನ್ (ಅಮೆರಿಕದ ವಿಸ್ಕಿ) ತುಂಬಿ ತೆಗೆದ ಪೀಪಾಯಿಯಲ್ಲಿ ಬೆಳೆದದ್ದು, ಮರದ ಆರ್ಭಟ ಕಡಿಮೆ. ಆರ್ಡ್‌ಬೆಗ್‌ನ ಮೂಲ ಗುಣ ಅದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತೆ.

ಆ ಮೂಲ ಗುಣ ಎರಡು ಕಡೆಯಿಂದ ಬರುತ್ತೆ. ಒಂದು, ಪೀಟ್ ಹೊಗೆಯಲ್ಲಿ ಒಣಗಿಸಿದ ಮೊಳಕೆ ಬಾರ್ಲಿ. ಅದೇ ದ್ವೀಪದ ಪೋರ್ಟ್ ಎಲೆನ್ ಮಾಲ್ಟಿಂಗ್ಸ್‌ನಿಂದ ಬರುತ್ತೆ, ಹೊಗೆ ವಾಸನೆ ಕೊಡುವ ಫೀನಾಲ್ ಪ್ರಮಾಣ ಸುಮಾರು 55 ಪಿಪಿಎಂ (ಹತ್ತು ಲಕ್ಷದಲ್ಲಿ 55 ಭಾಗ). ಇದು ಬಾರ್ಲಿಯಲ್ಲಿನ ಅಳತೆ, ಬಾಟಲಿಯದ್ದಲ್ಲ. ಬೇಯಿಸುವಾಗ, ಹುಳಿ ಬರಿಸುವಾಗ, ಬಟ್ಟಿ ಇಳಿಸುವಾಗ ಬಹುಪಾಲು ಹೋಗುತ್ತೆ, ಪೀಪಾಯಿಯಲ್ಲಿ ವರ್ಷ ಕಳೆದಂತೆ ಮತ್ತಷ್ಟು ಇಳಿಯುತ್ತೆ. ವೀ ಬೀಸ್ಟೀ ಹೊಗೆ ಮುಖಕ್ಕೆ ಹೊಡೆಯೋದು ಇದಕ್ಕೇ. ಬಾರ್ಲಿ ಬೇರೆ ಇರಬೇಕು ಅಂದುಕೊಳ್ಳಬೇಡಿ, ಅದು ಎಳೆಯದು ಅಷ್ಟೇ.

ಎರಡು, ಎರಡನೇ ಬಟ್ಟಿ ಇಳಿಸುವ ಹಂಡೆಯ ಕೊಳವೆಗೆ ಕೂರಿಸಿರುವ ಪ್ಯೂರಿಫೈಯರ್. ಭಾರವಾದ ಆವಿ ಅಲ್ಲಿ ದ್ರವವಾಗಿ ಹಂಡೆಗೇ ವಾಪಸ್ ಬೀಳುತ್ತೆ, ಹಗುರವಾದದ್ದು ಮುಂದೆ ಹೋಗುತ್ತೆ. ಇಷ್ಟು ಹೊಗೆಯ ಹಿಂದೆಯೂ ನಿಂಬೆ ಸಿಪ್ಪೆ, ಪೇರಳೆಯಂಥ ಹಣ್ಣಿನ ವಾಸನೆ ಉಳಿಯಲು ಅದು ಒಂದು ಕಾರಣ. ಮೂರು ಜನ ಹೊಸಬರಿಗೆ ಇದನ್ನು ಮೊದಲೇ ಹೇಳಿ. ಇಲ್ಲದಿದ್ದರೆ ಹೊಗೆ, ಹೊಗೆ ಅಂತ ಅಲ್ಲೇ ನಿಂತುಬಿಡ್ತಾರೆ.

ಇನ್ನು ಮರದ ಲೆಕ್ಕ. ಟೆನ್‌ನಲ್ಲಿ ವೆನಿಲಾ ಜೊತೆಗೆ ತಿಪಟೂರಿನ ಉಂಡೆ ಕೊಬ್ಬರಿ ಒಡೆದಾಗ ಬರುವಂಥ ಎಣ್ಣೆ ವಾಸನೆ ಹುಡುಕಿ. ಅಮೆರಿಕನ್ ಓಕ್ ಮರದಲ್ಲಿ ಲ್ಯಾಕ್ಟೋನ್ ಅನ್ನೋ ಅಂಶ ಜಾಸ್ತಿ, ಕೊಬ್ಬರಿ ವಾಸನೆ ಅದರದ್ದು. ಆನ್ ಓನಲ್ಲಿ ಪೇದ್ರೊ ಹಿಮೇನೆಸ್ ಅನ್ನೋ ಸಿಹಿ ಶೆರಿ (ಸ್ಪೇನಿನ ವೈನ್) ಪೀಪಾಯಿ, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿ ಮತ್ತು ಬರ್ಬನ್ ಪೀಪಾಯಿಯ ವಿಸ್ಕಿಗಳನ್ನು ಒಂದು ದೊಡ್ಡ ಮರದ ತೊಟ್ಟಿಯಲ್ಲಿ ಸೇರಿಸಿ ಹದಕ್ಕೆ ಬಿಡ್ತಾರೆ, ಹಾಗಾಗಿ ಅಂಚುಗಳೆಲ್ಲ ಸವೆದಿರುತ್ತೆ. ವೀ ಬೀಸ್ಟೀಗೆ ಬರ್ಬನ್ ಮತ್ತು ಓಲೊರೋಸೊ ಅನ್ನೋ ಇನ್ನೊಂದು ಬಗೆಯ ಶೆರಿ ಪೀಪಾಯಿ. ಊಗಡಾಲ್‌ಗೂ ಬರ್ಬನ್ ಮತ್ತು ಶೆರಿ: ಒಣದ್ರಾಕ್ಷಿ, ಕಾಕಂಬಿ, ಚರ್ಮದ ವಾಸನೆ. ಕೋರಿವ್ರೆಕನ್‌ನಲ್ಲಿ ಹೊಸ ಫ್ರೆಂಚ್ ಓಕ್ ಪಾಲಿದೆ, ಅದರಿಂದ ಲವಂಗ ಮತ್ತು ಕರಿಮೆಣಸು. ಲವಂಗದಲ್ಲಿರುವ ಯೂಜಿನಾಲ್ ಓಕ್ ಮರದಲ್ಲೂ ಇರುತ್ತೆ.

ಪ್ರಮಾಣ: ಟೆನ್ 15 ಮಿಲಿ, ಉಳಿದವು 10 ಮಿಲಿ. 10 ಮಿಲಿ ಕಡಿಮೆ ಅನ್ನಿಸಬಹುದು, ಆದರೆ ನಾಲ್ಕು ಸಣ್ಣ ಗುಟುಕು ಸಿಗುತ್ತೆ. ಲೆಕ್ಕ ಹಾಕಿದರೆ ಒಬ್ಬರಿಗೆ ಸುಮಾರು 27 ಮಿಲಿ ಶುದ್ಧ ಆಲ್ಕೋಹಾಲ್. ನಮ್ಮಲ್ಲಿ ಸಿಗುವ 42.8ರ ವಿಸ್ಕಿಯ ಎರಡು ಸಣ್ಣ ಪೆಗ್‌ಗಿಂತ ಒಂಚೂರು ಜಾಸ್ತಿ. ಒಂದೊಂದಕ್ಕೆ 20 ನಿಮಿಷ ಕೊಡಿ. ಬೇಗ ಮುಗಿಸೋ ಗಡಿಬಿಡಿಯಿದ್ದರೆ ಐದು ಬಾಟಲಿ ಯಾಕೆ, ಎರಡು ಸಾಕು.

ಗ್ಲಾಸ್: ತಳ ಅಗಲ, ಬಾಯಿ ಕಿರಿದು ಇರಬೇಕು. ಗ್ಲೆನ್‌ಕೇರ್ನ್ ಸಿಗದಿದ್ದರೆ ಸಣ್ಣ ವೈನ್ ಗ್ಲಾಸ್ ಆಗುತ್ತೆ. ಅಗಲ ಬಾಯಿಯ ಬಾರ್ ಗ್ಲಾಸ್‌ನಲ್ಲಿ 10 ಮಿಲಿ ಹಾಕಿದರೆ ವಾಸನೆ ನಿಲ್ಲಲ್ಲ. ಹಾಕಿದ ಮೇಲೆ ಒಂದು ಚಿಕ್ಕ ತಟ್ಟೆ ಮುಚ್ಚಿ ಐದು ನಿಮಿಷ ಬಿಡಿ. ಮೂಸುವಾಗ ಬಾಯಿ ಸ್ವಲ್ಪ ತೆರೆದಿರಲಿ, ಮೂಗನ್ನು ಗ್ಲಾಸ್‌ನೊಳಗೆ ತುರುಕಬೇಡಿ, ಅಂಚಿನ ಮೇಲೆ ಸಾಕು. ಮೊದಲ ಗುಟುಕು ಬಾಯಿಗೆ ಅಭ್ಯಾಸ ಆಗೋಕೆ, ಅಭಿಪ್ರಾಯ ಎರಡನೆಯದರಿಂದ ಬರೆಯಿರಿ.

ಕೆಜಿಎಫ್_ಚಾಂಪಿಯನ್‌ರೀಫ್:

ಕಲ್ಪತರು ಅವರ ಕ್ರಮಕ್ಕೆ ತಕರಾರಿಲ್ಲ, ಟೆನ್ ಗ್ಲಾಸ್ ಉಳಿಸಿಕೊಳ್ಳೋದಂತೂ ಬಹಳ ಒಳ್ಳೇದು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಕೊನೆಗೆ ಆರಕ್ಕೆ ನಾಲ್ಕು ಜನ ಕೋರಿವ್ರೆಕನ್ನೇ ಚೆಂದ ಅಂತಾರೆ. 57.1 ಇರೋದು ಯಾವಾಗಲೂ ದಪ್ಪಗೆ, ಸಿಹಿಯಾಗಿ, ಉದ್ದಕ್ಕೆ ಕಾಣುತ್ತೆ. ಅದು ಫ್ರೆಂಚ್ ಓಕ್ ಮಹಿಮೆಯಾ, 11 ಪರ್ಸೆಂಟ್ ಹೆಚ್ಚಿನ ಆಲ್ಕೋಹಾಲ್ ಮಹಿಮೆಯಾ? ಬೇರ್ಪಡಿಸದೆ ತೀರ್ಪು ಕೊಡಬಾರದು.

ಅದಕ್ಕೆ ಎರಡು ಸುತ್ತು ಮಾಡಿ. ಮೊದಲನೆಯದು ಬಾಟಲಿಯಲ್ಲಿ ಇದ್ದ ಹಾಗೆ. ಎರಡನೆಯದರಲ್ಲಿ ಎಲ್ಲವನ್ನೂ 46ಕ್ಕೆ ಇಳಿಸಿ. ಲೆಕ್ಕ ಸುಲಭ: ಈಗಿನ ಶೇಕಡಾವಾರನ್ನು 46ರಿಂದ ಭಾಗಿಸಿ, 1 ಕಳೆದು, ವಿಸ್ಕಿಯ ಮಿಲಿಯಿಂದ ಗುಣಿಸಿ. ಬಂದದ್ದು ಸೇರಿಸಬೇಕಾದ ನೀರು. 30 ಮಿಲಿ ವಿಸ್ಕಿಗೆ:

ಕೋರಿವ್ರೆಕನ್: 7.2 ಮಿಲಿ ನೀರು
ಊಗಡಾಲ್: 5.3 ಮಿಲಿ
ವೀ ಬೀಸ್ಟೀ: 0.9 ಮಿಲಿ
ಆನ್ ಓ: 0.4 ಮಿಲಿ

ನೀರು, ಆಲ್ಕೋಹಾಲ್ ಸೇರಿದಾಗ ಗಾತ್ರ ಒಂಚೂರು ಕುಗ್ಗುತ್ತೆ, ಇಷ್ಟು ಸಣ್ಣ ಅಳತೆಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯೋದು ಬೇಡ. ಪ್ರತಿ ಗ್ಲಾಸ್‌ಗೂ ಬೇರೆ ಬೇರೆ ಹನಿ ಹಾಕೋಕೆ ಹೋಗಬೇಡಿ, 5 ಮಿಲಿ ವಿಸ್ಕಿಗೆ ಎರಡು ಹನಿ ಆಚೀಚೆ ಆದರೂ ಒಂದು ಪರ್ಸೆಂಟ್ ತಪ್ಪುತ್ತೆ. ಹಿಂದಿನ ದಿನವೇ 30 ಮಿಲಿ ಒಟ್ಟಿಗೆ ಬೆರೆಸಿ ಸಣ್ಣ ಗಾಜಿನ ಶೀಶೆಯಲ್ಲಿ ಮುಚ್ಚಿಡಿ. ತಲೆಗೆ 5 ಮಿಲಿ ವಿಸ್ಕಿ ಬರುತ್ತೆ. ಎರಡೂ ಸುತ್ತು ಸೇರಿ ಮೂರು ಸಣ್ಣ ಪೆಗ್ ಒಳಗೇ ಇರ್ತೀರಿ.

ಅಳೆಯೋಕೆ ಮೆಡಿಕಲ್ ಸ್ಟೋರ್‌ನಿಂದ ಸೂಜಿ ಇಲ್ಲದ ಸಿರಿಂಜ್ ತನ್ನಿ. ವಿಸ್ಕಿಗೆ 10 ಮಿಲಿಯದ್ದು, ನೀರಿಗೆ 5 ಮಿಲಿಯದ್ದು. 5ರದ್ದರಲ್ಲಿ ಗೆರೆ 0.2 ಮಿಲಿಗೆ ಒಂದು. 1 ಮಿಲಿಗಿಂತ ಕಡಿಮೆ ಇರೋದಕ್ಕೆ 2 ಮಿಲಿಯ ಸಿರಿಂಜ್ ಮೇಲು. ಹೊಸ ಸಿರಿಂಜ್‌ನ ರಬ್ಬರಿಗೆ ಜಾರಲೆಂದು ಸಿಲಿಕೋನ್ ಹಚ್ಚಿರ್ತಾರೆ, ಬಿಸಿನೀರು ಎರಡು ಮೂರು ಸಲ ಎಳೆದು ಬಿಟ್ಟು ಒಣಗಿಸಿ. 30, 60ರ ಪೆಗ್ ಅಳತೆ ಈ ಕೆಲಸಕ್ಕೆ ಬರಲ್ಲ.

ನೀರು ಹಾಕಿದರೆ ವಿಸ್ಕಿ ಕೆಡುತ್ತೆ ಅನ್ನೋರು ನಿಮ್ಮ ಆರು ಜನರಲ್ಲಿ ಒಬ್ಬರಾದರೂ ಇದ್ದೇ ಇರ್ತಾರೆ. ಅವರಿಗೆ: 2017ರಲ್ಲಿ ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್ ಕಂಪ್ಯೂಟರಿನಲ್ಲಿ ನೀರು, ಆಲ್ಕೋಹಾಲ್, ಗ್ವಾಯಾಕಾಲ್ ಅಣುಗಳ ಓಡಾಟ ಲೆಕ್ಕ ಹಾಕಿದರು. ಗ್ವಾಯಾಕಾಲ್ ಅಂದರೆ ಹೊಗೆ ವಾಸನೆ ಕೊಡುವ ಫೀನಾಲ್‌ಗಳಲ್ಲಿ ಒಂದು. ಆಲ್ಕೋಹಾಲ್ 45ರವರೆಗೆ ಇದ್ದಾಗ ಅದು ಮೇಲ್ಮೈಯಲ್ಲೇ ಇರುತ್ತೆ, 59 ದಾಟಿದರೆ ಆಲ್ಕೋಹಾಲ್ ಸುತ್ತುವರಿದು ಕೆಳಗಿಳಿಯುತ್ತೆ ಅಂತ ಕಂಡರು. ನಿಜವಾದ ವಿಸ್ಕಿಯಲ್ಲಿ ನೂರಾರು ಅಂಶ ಇರುತ್ತೆ, ಇದೇ ಕೊನೇ ಮಾತು ಅಂತ ನಾನೂ ಹೇಳಲ್ಲ. ಆದರೆ ಕೋರಿವ್ರೆಕನ್‌ಗೆ ನೀರು ಬಿದ್ದಾಗ ಮೂಗಿಗೆ ಹೊಗೆ ಹೆಚ್ಚಾದಂತೆ ಅನ್ನಿಸಿದರೆ ಭ್ರಮೆ ಅಂದುಕೊಳ್ಳಬೇಡಿ.

ಐಸ್ ಮಾತ್ರ ಬೇಡವೇ ಬೇಡ. ಈ ಐದೂ ಚಿಲ್ ಫಿಲ್ಟರ್ (ತಣ್ಣಗೆ ಮಾಡಿ ಸೋಸೋದು) ಮಾಡದ ವಿಸ್ಕಿಗಳು, ಎಣ್ಣೆಯಂಶದ ಎಸ್ಟರ್‌ಗಳು ಒಳಗೇ ಇವೆ. ತಣ್ಣಗಾದಾಗ, ಅಥವಾ ನೀರು ಬಿದ್ದು 46ಕ್ಕಿಂತ ಕೆಳಗೆ ಹೋದಾಗ ಅವು ಬೇರ್ಪಟ್ಟು ಮಬ್ಬು ಬರುತ್ತೆ. ಮಬ್ಬು ಬಂದರೆ ನಕಲಿ ಮಾಲು ಅಂತ ಗಾಬರಿ ಬೀಳಬೇಡಿ. ಐಸ್‌ನಲ್ಲಿ ನಿಜವಾದ ನಷ್ಟ ವಾಸನೆಯದ್ದು. ತಣ್ಣಗಿರೋದು ಮೂಗಿಗೆ ಏರಲ್ಲ.

ಎರಡನೇ ಸುತ್ತಿನಲ್ಲಿ ಶೀಶೆಗಳಿಗೆ ಹೆಸರು ಬರೆಯದೆ ಅಕ್ಷರ ಹಾಕಿ, ಬಣ್ಣ ಕಾಣದಂತೆ ಗ್ಲಾಸ್‌ಗೆ ಕಾಗದ ಸುತ್ತಿ. ಹುರುಪಿದ್ದರೆ ಮೂರು ಗ್ಲಾಸ್ ಪರೀಕ್ಷೆ ಮಾಡಿ: ಎರಡರಲ್ಲಿ ಟೆನ್, ಒಂದರಲ್ಲಿ 46ಕ್ಕಿಳಿಸಿದ ಆನ್ ಓ. ಬೇರೆಯದು ಯಾವುದು ಅಂತ ಹೇಳಬೇಕು. ಸುಮ್ಮನೆ ಊಹಿಸಿದರೂ ಆರರಲ್ಲಿ ಇಬ್ಬರು ಸರಿ ಹೇಳ್ತಾರೆ, ಹಾಗಾಗಿ ಐದು ಜನ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ಗೊತ್ತಾಯ್ತು ಅಂತ ಒಪ್ಪಬಹುದು.

ನಂದಿತಪ್ಪಲು_ಚಿಕ್ಕಬಳ್ಳಾಪುರ:

ಇಬ್ಬರೂ ಗ್ಲಾಸ್ ಒಳಗಿನದ್ದನ್ನೇ ಹೇಳಿದ್ದೀರಿ. ನಮ್ಮ ಕಡೆ ಸಂಜೆ ಹಾಳಾಗೋದು ಗ್ಲಾಸ್ ಹೊರಗಿನದ್ದರಿಂದ.

ಮೊದಲ ಶತ್ರು ಸೊಳ್ಳೆಬತ್ತಿ. ಸಂಜೆ ಆರಕ್ಕೆ ಹಚ್ಚಿದರೆ ಅದರ ಹೊಗೆ ಯಾವುದು, ಪೀಟ್ ಹೊಗೆ ಯಾವುದು ಅಂತ ದೇವರಾಣೆ ಹೇಳೋಕಾಗಲ್ಲ. ಪ್ಲಗ್‌ಗೆ ಹಾಕುವ ಲಿಕ್ವಿಡ್‌ಗೂ ವಾಸನೆ ಇದೆ. ಐದು ಗಂಟೆಗೇ ಕಿಟಕಿ ಮುಚ್ಚಿ ಅಥವಾ ಜಾಲರಿ ಇರೋ ಕೋಣೆ ಆರಿಸಿ, ಫ್ಯಾನ್ ಹಾಕಿ. ಊದಿನಕಡ್ಡಿ, ಸಾಂಬ್ರಾಣಿ, ಕರ್ಪೂರ ಆ ದಿನ ಆ ಕೋಣೆಯಲ್ಲಿ ಬೇಡ, ಪೂಜೆ ಬೆಳಿಗ್ಗೆಯೇ ಮುಗೀಲಿ. ನೆಲವನ್ನು ಫಿನಾಯಿಲ್ ಹಾಕಿ ಒರೆಸಬೇಡಿ. ಆರ್ಡ್‌ಬೆಗ್‌ನ ಆಸ್ಪತ್ರೆ ವಾಸನೆ ಕ್ರೆಸಾಲ್ ಅನ್ನೋ ಫೀನಾಲ್‌ಗಳದ್ದು, ಫಿನಾಯಿಲ್ ವಾಸನೆಯೂ ಅದೇ ಜಾತಿ. ನೆಲದಿಂದ ಬಂದದ್ದನ್ನು ಗ್ಲಾಸ್‌ಗೆ ಜಮಾ ಮಾಡಿಬಿಡ್ತೀರಿ. ಪಕ್ಕದ ಅಡುಗೆಮನೆಯಲ್ಲಿ ಇಂಗಿನ ಒಗ್ಗರಣೆ ಬಿದ್ದರೆ ಅರ್ಧ ಗಂಟೆ ಕಾಯೋದೇ ಗತಿ. ಬರೋರಿಗೆ ಸೆಂಟ್ ಹಾಕಿಕೊಳ್ಳಬೇಡಿ, ಬರುವ ಮುಂಚಿನ ಒಂದು ಗಂಟೆ ಕಾಫಿ, ಗುಟ್ಕಾ, ಸಿಗರೇಟು ಬೇಡ ಅಂತ ಮೊದಲೇ ತಿಳಿಸಿ.

ಗ್ಲಾಸ್ ತೊಳೆಯೋದು: ಸೋಪು ಬೇಡ, ಬಿಸಿನೀರು ಸಾಕು. ಹಳೇ ಬೀರುವಿನಿಂದ ತೆಗೆದ ಗ್ಲಾಸ್‌ಗೆ ನುಸಿಗುಳಿಗೆ ವಾಸನೆ ಅಂಟಿರುತ್ತೆ, ಹಿಂದಿನ ದಿನವೇ ತೊಳೆದು ಗಾಳಿಗೆ ಒಣಗಿಸಿ. ಒರೆಸೋ ಬಟ್ಟೆಯಲ್ಲಿ ಸೋಪಿನ ಪುಡಿ ವಾಸನೆ ಇದ್ದರೆ ಅದೂ ಬರುತ್ತೆ. ಎರಡನೇ ಗ್ಲಾಸನ್ನು ಸುತ್ತುಗಳ ನಡುವೆ ನೀರಲ್ಲಿ ಕಲಕಿ ಚೆಲ್ಲಿ ಕೊಡವಿ, ತಳದಲ್ಲಿ ನೀರು ನಿಂತಿರಬಾರದು. 10 ಮಿಲಿಗೆ ಅರ್ಧ ಮಿಲಿ ನೀರು ಸೇರಿದರೂ ಕೆಜಿಎಫ್ ಅವರ ಲೆಕ್ಕವೆಲ್ಲ ಹೊಳೆಗೆ.

ಬಿಸಿಲು ಇನ್ನೊಂದು. ಮಾರ್ಚ್ ಕೊನೆಗೆ ತುಮಕೂರಲ್ಲಿ ಸಂಜೆಯೂ ಕೋಣೆ 30ರ ಹತ್ತಿರ ಇರುತ್ತೆ. ಆ ಬಿಸಿಗೆ ಆಲ್ಕೋಹಾಲ್ ಆವಿ ಮುಂದೆ ನುಗ್ಗಿ ಮೂಗು ಉರಿಯುತ್ತೆ, ಉಳಿದ ವಾಸನೆ ಅದರ ಹಿಂದೆ ಅಡಗುತ್ತೆ. 20ರಿಂದ 22 ಡಿಗ್ರಿ ಸರಿ. ಏಸಿ ಇದ್ದರೆ ಸರಿಹೋಯ್ತು. ಇಲ್ಲದಿದ್ದರೆ ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಳಿಸಿ, ಅದರ ಮೇಲೆ ಒದ್ದೆ ಬಟ್ಟೆ ಸುತ್ತಿ, ಫ್ಯಾನ್ ಕೆಳಗೆ ಒಂದು ಗಂಟೆ ಇಡಿ. ಒಣ ಹವೆಯಾದ್ದರಿಂದ ಚೆನ್ನಾಗಿ ತಂಪಾಗುತ್ತೆ. ಕವರ್ ಇಲ್ಲದೆ ಸುತ್ತಿದರೆ ಲೇಬಲ್ ಎದ್ದುಬರುತ್ತೆ.

ನೀರು: ನಮ್ಮ ಮೂರೂ ಜಿಲ್ಲೆಯ ಬೋರ್‌ವೆಲ್ ನೀರು ಗಡಸು, ಹಲವು ಕಡೆ ಫ್ಲೋರೈಡ್ ಬೇರೆ. ಗಡಸು ನೀರಿನ ಬೈಕಾರ್ಬನೇಟ್ ವಿಸ್ಕಿಯ ಹುಳಿಯನ್ನು ಸಾಯಿಸುತ್ತೆ, ಟೆನ್‌ನ ನಿಂಬೆ ಮಂಕಾಗುತ್ತೆ. ತುಮಕೂರಿಗೆ ಬರೋ ಹೇಮಾವತಿ ನೀರು ಅಷ್ಟು ಗಡಸಲ್ಲದಿದ್ದರೂ ನಲ್ಲಿಯಲ್ಲಿ ಕ್ಲೋರಿನ್ ಇರುತ್ತೆ. ಕ್ಲೋರಿನ್ ಫೀನಾಲ್ ಜೊತೆ ಸೇರಿದರೆ ಕ್ಲೋರೋಫೀನಾಲ್ ಆಗಿ ಔಷಧಿ ವಾಸನೆ ಬರುತ್ತೆ, ಅತಿ ಕಡಿಮೆ ಇದ್ದರೂ ಮೂಗಿಗೆ ತಾಕುತ್ತೆ. ಬೆರೆಸೋಕೆ ಆರ್‌ಓ ನೀರು ಉತ್ತಮ. ಕುಡಿಯೋಕೂ ಅದೇ ಇಡಿ, ತಲೆಗೆ ಅರ್ಧ ಲೀಟರಿಗೆ ಕಡಿಮೆ ಬೇಡ.

ತಿನ್ನೋಕೆ: ರುಚಿ ನೋಡುವಾಗ ಕಾರ, ಎಣ್ಣೆ, ಹುಳಿ ಮೂರೂ ಬೇಡ. ಕಾಂಗ್ರೆಸ್ ಕಡ್ಲೆಕಾಯಿ, ನಿಪ್ಪಟ್ಟು, ಖಾರ ಮಂಡಕ್ಕಿ ಆಮೇಲೆ. ಒಗ್ಗರಣೆ ಹಾಕದ ಸಾದಾ ಮಂಡಕ್ಕಿ ಅತ್ಯುತ್ತಮ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಚಟ್ನಿ ಇಲ್ಲದೆ ಚೂರು ಮಾಡಿ ಇಡಬಹುದು, ಹಿಟ್ಟು ಹುಳಿ ಹೆಚ್ಚಿದ್ದರೆ ಮಾತ್ರ ಬೇಡ. ಎಲ್ಲ ಮುಗಿದ ಮೇಲೆ ಊಟಕ್ಕೆ ಬಾಡಿನ ಸಾರು, ಮುದ್ದೆ, ಸಸ್ಯಾಹಾರಿಗಳಿಗೆ ಬಸ್ಸಾರು. ಊಟದ ವಾಸನೆ ಏಳು ಗಂಟೆಗೇ ಕೋಣೆಗೆ ಬರದಂತೆ ನೋಡಿಕೊಳ್ಳಿ.

ನಿಮ್ಮ ಭಾವನಿಗೆ ಒಂದು ಮಾತು ಹೇಳಿ. ದೇವನಹಳ್ಳಿಯಲ್ಲಿ ಇಳಿದಾಗ ಸುಂಕವಿಲ್ಲದೆ ಬಿಡೋದು ಒಬ್ಬರಿಗೆ 2 ಲೀಟರ್. ಮೂರು ಬಾಟಲಿ 700 ಮಿಲಿಯದ್ದಾದರೆ 2.1 ಲೀಟರ್, ಮಿತಿ ದಾಟುತ್ತೆ. ಜೊತೆಗೆ ಇನ್ನೊಬ್ಬ ದೊಡ್ಡವರು ಪ್ರಯಾಣ ಮಾಡ್ತಿದ್ದರೆ ಹಂಚಿಕೊಂಡು ತರಲಿ.

ಶಿರಾಗೇಟ್_ತುಮಕೂರು:

ಮೂವರಿಗೂ ಬಹಳ ಧನ್ಯವಾದ. ಸೊಳ್ಳೆಬತ್ತಿ ವಿಷಯ ತಲೆಗೇ ಹೊಳೆದಿರಲಿಲ್ಲ. ಅತ್ತಿಗೆ ಜೊತೆಗೇ ಬರ್ತಾರೆ, ಬಾಟಲಿ ಹಂಚಿಕೊಂಡು ತರೋಕೆ ತೊಂದರೆ ಇಲ್ಲ.

ಇನ್ನು ಮೂರು ಉಳಿದಿವೆ. ಒಂದು, ಇಷ್ಟು ಹೆಸರಿರೋ ಡಿಸ್ಟಿಲರಿ ಯಾಕೆ ಮೂರು ಬಾಟಲಿ ಮೇಲೆ ವಯಸ್ಸು ಬರೆದಿಲ್ಲ, ಎಳೆಯದನ್ನ ದುಬಾರಿಗೆ ಮಾರೋಕಾ? ಎರಡು, ಹೋಲಿಕೆಗೆ ಬೆಂಗಳೂರಿನ ಅಮೃತ್ ಮಾಲ್ಟ್ ಒಂದು ಸೇರಿಸೋಣ ಅಂತ ಗೆಳೆಯನೊಬ್ಬ ಹಟ ಮಾಡ್ತಿದ್ದಾನೆ. ಮೂರು, ಹಳೇ ಊಗಡಾಲ್ ಬಾಟಲಿ ಬಗ್ಗೆ ಯಾರೂ ಹೇಳಲಿಲ್ಲ.

ಕಲ್ಪತರು_ಗುಬ್ಬಿ:

ಮಾರಾಟದ ಜಾಣತನ ಇಲ್ಲವೇ ಇಲ್ಲ ಅನ್ನಲ್ಲ. ಆದರೆ ಆರ್ಡ್‌ಬೆಗ್‌ಗೆ ಬೇರೆ ಕಾರಣವೂ ಇತ್ತು. 1815ರ ಡಿಸ್ಟಿಲರಿ ಇದು. 1981ರಲ್ಲಿ ಬಾಗಿಲು ಹಾಕಿತು, 1989ರಿಂದ ಅಷ್ಟಿಷ್ಟು ನಡೆದು 1996ರಲ್ಲಿ ಮತ್ತೆ ನಿಂತಿತು. 1997ರಲ್ಲಿ ಗ್ಲೆನ್‌ಮೊರಾಂಜಿ ಕಂಪನಿ ಕೊಂಡುಕೊಂಡಿತು. ಎಂಬತ್ತರ ದಶಕದ ಬಹುಪಾಲು ಉತ್ಪಾದನೆಯೇ ಇಲ್ಲದಿದ್ದಾಗ ಉಗ್ರಾಣದಲ್ಲಿ ಇದ್ದದ್ದು ಸ್ವಲ್ಪ ಬಹಳ ಹಳೆಯದು, ಉಳಿದದ್ದು ಬಹಳ ಎಳೆಯದು, ನಡುವೆ ಬರಿದು. ಎರಡನ್ನೂ ಬೆರೆಸಿದರೆ ಲೇಬಲ್ ಮೇಲೆ ಎಳೆಯದರ ವಯಸ್ಸನ್ನೇ ಹಾಕಬೇಕು. ಹಾಕದಿರೋದೇ ಅವರಿಗೆ ಅನುಕೂಲ. 2003ರಲ್ಲಿ ಊಗಡಾಲ್ ಬಂದದ್ದು ಆ ಕಾಲದಲ್ಲಿ.

ಹೊಸ ಒಡೆತನದಲ್ಲಿ ಇಳಿಸಿದ ವಿಸ್ಕಿ ಹತ್ತು ವರ್ಷ ತುಂಬುವ ಮುಂಚೆ 2004, 2006, 2007ರಲ್ಲಿ ಒಂದೊಂದು ಎಳೆಯ ಬಾಟಲಿ ಬಿಟ್ಟು, 2008ರಲ್ಲಿ ರೆನೆಸಾನ್ಸ್ ಹೆಸರಲ್ಲಿ ಆ ಸಾಲು ಮುಗಿಸಿದರು. ಕೋರಿವ್ರೆಕನ್ 2009ರದ್ದು, ಆನ್ ಓ 2017ರದ್ದು, ಆಗ ಆ ಕೊರತೆಯ ನೆಪ ಅಷ್ಟಾಗಿ ಉಳಿದಿರಲಿಲ್ಲ. ವೀ ಬೀಸ್ಟೀ 2020ರದ್ದು. ಐದು ವರ್ಷ ಅಂತ ದೊಡ್ಡದಾಗಿ ಬರೆದೇ ಮಾರಿದ್ದಾರೆ, ಅದು ನನಗೆ ಇಷ್ಟ.

ಅಮೃತ್ ಬೇಡ ಅನ್ನೋದು ನನ್ನ ಅಭಿಪ್ರಾಯ. ಕೆಟ್ಟದು ಅಂತಲ್ಲ, ಒಳ್ಳೇ ಮಾಲ್ಟ್. ಆದರೆ ಒಂದೇ ಡಿಸ್ಟಿಲರಿ ಇಟ್ಟುಕೊಳ್ಳೋದರ ಉದ್ದೇಶವೇ ಬಾರ್ಲಿ, ಹಂಡೆ, ದ್ವೀಪ ಎಲ್ಲ ಒಂದೇ ಇದ್ದು ಮರ ಮತ್ತು ಕಾಲ ಮಾತ್ರ ಬದಲಾದಾಗ ಏನಾಗುತ್ತೆ ಅಂತ ನೋಡೋದು. ಅಮೃತ್ ಬಂದರೆ ಹವೆಯೇ ಬೇರೆ. ಬೆಂಗಳೂರಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ 10ರಿಂದ 12 ಪರ್ಸೆಂಟ್ ಆವಿಯಾಗಿ ಹೋಗುತ್ತೆ, ಸ್ಕಾಟ್ಲೆಂಡಿನಲ್ಲಿ ಸುಮಾರು 2. ನಮ್ಮ ಐದು ವರ್ಷ, ಅವರ ಐದು ವರ್ಷ ಒಂದೇ ಅಲ್ಲ. ಗೆಳೆಯ ಬಿಡದಿದ್ದರೆ ಊಟದ ಜೊತೆಗೆ ತೆಗೆಯಿರಿ.

ಇನ್ನೊಂದು: ಐಲಾದ ನೀರು ಪೀಟ್ ಮೇಲೆ ಹರಿದು ಬರೋದರಿಂದಲೇ ಹೊಗೆ ಬರುತ್ತೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಆರ್ಡ್‌ಬೆಗ್‌ಗೆ ನೀರು ಬರುವ ಊಗಡಾಲ್ ಕೆರೆಯ ನೀರು ಕಂದುಬಣ್ಣದ್ದು ನಿಜ, ಆದರೆ ಹೊಗೆ ಬಾರ್ಲಿಯನ್ನು ಒಣಗಿಸುವ ಗೂಡಿನದ್ದು.

ಕೆಜಿಎಫ್_ಚಾಂಪಿಯನ್‌ರೀಫ್:

ಊಗಡಾಲ್ ಬಾಟಲಿ: ಮೂರನೇ ಒಂದು ಭಾಗ ವಿಸ್ಕಿ, ಮೂರನೇ ಎರಡು ಭಾಗ ಗಾಳಿ, ಒಂದು ವರ್ಷ. ಕುಡಿಯೋಕೆ ಏನೂ ತೊಂದರೆ ಇಲ್ಲ, ಕೆಡೋ ವಸ್ತು ಅಲ್ಲ. ಆದರೆ ಮೇಲಿನ ಚುರುಕು ವಾಸನೆ, ಹೊಗೆಯ ಮೊನಚು ತಗ್ಗಿ ಶೆರಿಯ ಸಿಹಿಯೇ ಮುಂದೆ ನಿಂತಿರುತ್ತೆ. ಉಳಿದ ನಾಲ್ಕು ಹೊಸ ಬಾಟಲಿಗಳ ಜೊತೆ ಇಟ್ಟರೆ ಊಗಡಾಲ್‌ನಲ್ಲಿ ಹೊಗೆ ಕಡಿಮೆ ಅಂತ ತಪ್ಪು ಬರೆದುಕೊಳ್ತೀರಿ. ಹೊಸದು ಸಿಕ್ಕರೆ ಹೊಸದೇ ಇಡಿ. ಸಿಗದಿದ್ದರೆ ಟೆನ್ ಬಾಟಲಿಯನ್ನಾದರೂ ಎರಡು ವಾರ ಮೊದಲೇ ತೆಗೆದು ಒಂದು ಪೆಗ್ ಇಳಿಸಿ ಇಡಿ, ಅಂತರ ಸ್ವಲ್ಪ ಕಡಿಮೆಯಾಗುತ್ತೆ. ಹಳೆಯದನ್ನು ಬಿಸಾಡಬೇಡಿ. ಹೊಸದೂ ಸಿಕ್ಕರೆ ಎರಡನ್ನೂ ಪಕ್ಕದಲ್ಲಿಟ್ಟು ಮೂಸಿ, ಅದೂ ಒಂದು ಪಾಠ.

ಉಳಿದದ್ದನ್ನು ಕಾಪಾಡೋಕೆ: ಅರ್ಧಕ್ಕಿಂತ ಕೆಳಗೆ ಬಂದ ಬಾಟಲಿಯಿಂದ 100 ಅಥವಾ 200 ಮಿಲಿಯ ಗಾಜಿನ ಶೀಶೆಗಳಿಗೆ ಅಂಚಿನವರೆಗೆ ತುಂಬಿ ಬಿಗಿ ಮುಚ್ಚಳ ಹಾಕಿ. ಕೆಮ್ಮಿನ ಸಿರಪ್ ಶೀಶೆ ಎಷ್ಟು ತೊಳೆದರೂ ವಾಸನೆ ಬಿಡಲ್ಲ, ಹೊಸದು ತನ್ನಿ. ಶೀಶೆಯ ಮೇಲೆ ಹೆಸರು, ತೆಗೆದ ತಾರೀಕು ಬರೆದಿಡಿ. ಕತ್ತಲ ಬೀರುವಿನ ಕೆಳಗಿನ ಅರೆ ಸರಿಯಾದ ಜಾಗ. ಅಟ್ಟ ಬೇಡ, ಬೇಸಿಗೆಯಲ್ಲಿ ತಾರಸಿ ಬಿಸಿ ನೇರ ಅಲ್ಲಿಗೇ ಇಳಿಯುತ್ತೆ. ಫ್ರಿಜ್ಜೂ ಬೇಡ.

ಬಾಟಲಿ ಯಾವಾಗಲೂ ನಿಂತಿರಲಿ. ವೈನ್ ಥರ ಮಲಗಿಸಿದರೆ 50 ದಾಟಿದ ಆಲ್ಕೋಹಾಲ್ ಕಾರ್ಕನ್ನು ತಿಂದುಹಾಕುತ್ತೆ. ನಿಲ್ಲಿಸಿಟ್ಟ ಬಾಟಲಿಯ ಕಾರ್ಕ್ ನಮ್ಮ ಒಣ ಹವೆಗೆ ಒಣಗಿ ತೆಗೆಯುವಾಗ ಮುರಿಯೋದೂ ಉಂಟು. ತಿರುಗಿಸಿಕೊಂಡೇ ಮೇಲೆತ್ತಿ, ನೇರ ಎಳೆಯಬೇಡಿ. ಮುರಿದು ಚೂರು ಒಳಗೆ ಬಿದ್ದರೆ ಕಾಫಿ ಫಿಲ್ಟರಿಗೆ ಹಾಕುವ ಕಾಗದದಲ್ಲಿ ಸೋಸಿ. ಫಿಲ್ಟರ್ ಕಾಫಿ ಮಾಡೋ ಸ್ಟೀಲ್ ಫಿಲ್ಟರಲ್ಲಿ ಸೋಸಿದರೆ ಆಮೇಲೆ ಆ ವಿಸ್ಕಿಯಲ್ಲಿ ಕಾಫಿ ಬಿಟ್ಟು ಬೇರೇನೂ ಸಿಗಲ್ಲ. ಖಾಲಿಯಾದ ಬಾಟಲಿಗಳ ಕಾರ್ಕ್ ಒಂದೆರಡು ಎತ್ತಿಟ್ಟುಕೊಂಡಿರಿ, ಬದಲಿಗೆ ಬರುತ್ತೆ. ಖಾಲಿ ಬಾಟಲಿಯನ್ನು ಮಾತ್ರ ಲೇಬಲ್ ಕಿತ್ತು ಗುಜರಿಗೆ ಹಾಕಿ, ದುಬಾರಿ ವಿಸ್ಕಿಯ ಖಾಲಿ ಬಾಟಲಿಗೆ ಬೇರೆ ಮಾಲು ತುಂಬಿ ಮಾರುವ ದಂಧೆ ಇದೆ.

ಗಾಡಿ ವಿಷಯ ಯಾರೂ ಎತ್ತಲಿಲ್ಲ. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಎರಡು ಸುತ್ತು ನುಂಗಿದರೆ ಯಾರೂ ಅದರೊಳಗೆ ಇರಲ್ಲ. ಗುಬ್ಬಿ, ಶಿರಾ ಕಡೆ ವಾಪಸ್ ಹೋಗೋರಿಗೆ ರಾತ್ರಿ ಅಲ್ಲೇ ಹಾಸಿಗೆ ಹಾಸಿಡಿ. ಓಡಿಸಲೇಬೇಕು ಅನ್ನೋರು ಬಾಟಲಿ ಹಿಡಿದು ಗ್ಲಾಸ್‌ಗೆ ಹಾಕೋ ಕೆಲಸ ವಹಿಸಿಕೊಳ್ಳಲಿ, ಬರೀ ಮೂಸಲಿ. ಈ ಐದರಲ್ಲಿ ಅರ್ಧ ವಿಷಯ ಮೂಗಿಗೇ ಸಿಗುತ್ತೆ, ಅಕ್ಷರ ಹಾಕಿದ ಶೀಶೆಗಳ ಗುಟ್ಟು ಕಾಯೋಕೂ ಒಬ್ಬರು ಬೇಕು.

ಶಿರಾಗೇಟ್_ತುಮಕೂರು:

ಆಯ್ತು. ಹೊಸ ಊಗಡಾಲ್‌ಗೂ ಭಾವನಿಗೆ ಹೇಳ್ತೀನಿ. ಇಬ್ಬರಿಗೆ ಸೇರಿ 4 ಲೀಟರ್, ನಾಲ್ಕು ಬಾಟಲಿ 700ರದ್ದಾದರೆ 2.8, ಲೆಕ್ಕ ಸರಿಹೋಗುತ್ತೆ. ಸಿರಿಂಜ್ ಇವತ್ತೇ ತರ್ತೀನಿ. ಗುಟ್ಟು ಕಾಯೋಕೆ ಶಿರಾದಿಂದ ಬರೋ ಗೆಳೆಯನೇ ಸರಿ, ಅಮೃತ್ ಹಟ ಹಿಡಿದಿರೋನೂ ಅವನೇ.